ಬೂಟು, ಮಾರುತಿ ಮತ್ತು ನಾಲ್ಕನೇ ಮಹಡಿಯ ವ್ಯಾಯಾಮಶಾಲೆ

ತಾರ್ನಾಕ, ಹೈದರಾಬಾದು
ಪಾರ್ಥಿವ ಸಂವತ್ಸರ, ಕಾರ್ತಿಕ ಬಹುಳ ಪಂಚಮಿ

ವಜ್ರಕಾಯ ವ್ಯಾಯಾಮಶಾಲೆಯ ಮಾಲೀಕರ ಸನ್ನಿಧಿಗೆ,

ಮಾನ್ಯರೇ,

ತಮ್ಮ ತೋಳುಗಳು ಇನ್ನೂ ಎರಡೆರಡು ಅಂಗುಲ ದಪ್ಪವಾಗಲಿ, ತಮ್ಮ ಗೋಡೆಗನ್ನಡಿಗಳಿಗೆ ದೃಷ್ಟಿ ತಾಗದಿರಲಿ ಎಂದು ಶ್ರೀಹರಿಯನ್ನು ಪ್ರಾರ್ಥಿಸಿ ಬರೆಯುವುದೇನೆಂದರೆ, ತಮ್ಮ ನಾಲ್ಕು ತಿಂಗಳ 'ಟೋನ್ಡ್ ಬಾಡಿ' ತರಗತಿ ಮುಗಿದು, 'ಯಾವ ಪ್ರಗತಿಯೂ ಇಲ್ಲ, ಇನ್ನೊಮ್ಮೆ ಸೇರತಕ್ಕದ್ದು' ಎಂಬ ವರದಿ ನನ್ನ ಕೈಸೇರಿದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ ನಾನು ಒಮ್ಮೆಯೂ ನಪಾಸಾದವಳಲ್ಲ. ಐವತ್ತನೇ ವಯಸ್ಸಿಗೆ ಆ ಅನುಭವವನ್ನೂ ಕರುಣಿಸಿದ್ದೀರಿ.

ನನಗೆ ಮೈಕಟ್ಟಿನ ಆಸೆ ಇರಲಿಲ್ಲ. ಹೋದ ವರ್ಷ ನಮ್ಮ ಮನೆಯವರು ಪ್ರಾಣೇಶರಾಯರು ಕಾಮಾಲೆಯಾಗಿ ಹಾಸಿಗೆ ಹಿಡಿದಾಗ, ಅವರು ಎದ್ದರೆ ತಿರುಮಲೆ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತುತ್ತೇನೆಂದು ಹರಕೆ ಹೊತ್ತಿದ್ದೆ. ಅವರು ಎದ್ದರು, ನನ್ನ ಮಂಡಿಗಳು ಕೂತವು. "ಬಸ್ಸಿನಾಗ ಹೋಗೋಣೇಳು, ಸ್ವಾಮಿ ಏನು ಟಿಕೇಟ ತೋರ್ಸು ಅಂತಾನೇನು?" ಎಂದರು ಅವರು. "ಮಾತು ಕೊಟ್ಟಾಕಿ ನಾನು, ಬಸ್ಸಲ್ಲ" ಎಂದೆ. ತೊಡೆ ಗಟ್ಟಿಯಾದರೆ ಮಂಡಿ ತಾಳೀತು, ಎಲ್ಲಾದರೂ ತರಗತಿ ಸೇರಿರಿ ಎಂದರು ಡಾಕ್ಟರು.

ತಾರ್ನಾಕದಲ್ಲಿ ಮೂರು ತರಗತಿಗಳನ್ನು ನೋಡಿದೆ. ಒಂದರಲ್ಲಿ ಸಿನಿಮಾ ಹಾಡಿಗೆ ಎಲ್ಲರೂ ಕಾಲಿಗೆ ಇರುವೆ ಹತ್ತಿದವರಂತೆ ಕುಣಿಯುತ್ತಿದ್ದರು. ಇನ್ನೊಂದರಲ್ಲಿ ಸಂಜೆ ಏಳಕ್ಕೆ ಟ್ಯೂಬ್‌ಲೈಟಿನ ಎದುರು ಸೂರ್ಯನಮಸ್ಕಾರ ಮಾಡಿಸುತ್ತಿದ್ದರು. ತಮ್ಮಲ್ಲಿ ಮಾತ್ರ ಒಳಗೆ ಕಾಲಿಡುತ್ತಲೇ ಗದೆ ಹಿಡಿದ ಮಾರುತಿಯ ದೊಡ್ಡ ಪಟ, ಅದಕ್ಕೊಂದು ಹೂವಿನ ಹಾರ. ಇದೇ ನನ್ನ ಜಾಗವೆಂದು ಆಯ್ದುಕೊಂಡೆ. 'ಲಿಫ್ಟ್ ನಾಳೆ ಸರಿಯಾಗುತ್ತದೆ' ಎಂಬ ಚೀಟಿಯನ್ನು ಓದುತ್ತ ನಾಲ್ಕು ಮಹಡಿ ಹತ್ತಿ ಬಂದವಳಿಗೆ ದೇವರು ಕಂಡದ್ದೇ ದೊಡ್ಡದಾಗಿತ್ತು.

ಮೊದಲು ತಮ್ಮ ಆಹಾರದ ಚಾರ್ಟನ್ನು ಹೊಗಳಬೇಕು. ಮೊದಲ ತಿಂಗಳು ತರಕಾರಿ, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳು ಹೆಚ್ಚೆಚ್ಚು ತಿನ್ನಬೇಕೆಂದಿತ್ತು. ನಾನು ಸೇರಿದ್ದು ಚಾತುರ್ಮಾಸ್ಯದ ಆರಂಭಕ್ಕೆ. ನಮ್ಮ ವ್ರತದಲ್ಲಿ ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ನಾಲ್ಕನೆಯ ತಿಂಗಳು ಬೇಳೆಕಾಳು. ಶಾಸ್ತ್ರಕ್ಕೆ ಇಷ್ಟು ಕರಾರುವಾಕ್ಕಾಗಿ ಎದುರು ನಿಲ್ಲಬೇಕಾದರೆ ಅದನ್ನು ಆಳವಾಗಿ ಓದಿರಬೇಕು; ತಮ್ಮ ಪಾಂಡಿತ್ಯಕ್ಕೆ ನಮಸ್ಕಾರ. ತರಬೇತಿ ಕೊಡುವ ತಮ್ಮ ಮಲ್ಲಿಕಾರ್ಜುನ ನಮ್ಮ ಕಡೆಯ ಹುಡುಗ, ಪಾಪ, "ಅಮ್ಮಾರ, ತಿನ್ರಿ ಅಂದದ್ದು ಬಿಡ್ತೀರಿ, ಬಿಡ್ರಿ ಅಂದದ್ದು ತಿಂತೀರಿ, ಮೈ ಹೆಂಗ ಮಾತು ಕೇಳ್ತೈತ್ರಿ?" ಎಂದು ತಲೆ ಚಚ್ಚಿಕೊಂಡ. "ನನ್ನ ಮೈ ಪಂಚಾಂಗದ ಮಾತು ಕೇಳ್ತದಪಾ" ಎಂದೆ.

ಇನ್ನು ತಮ್ಮ ಓಡುವ ಯಂತ್ರ. ಅರ್ಧ ತಾಸು ನಡೆದರೂ ಹೊರಟಲ್ಲೇ ಇರುತ್ತೇವೆ. ಪ್ರದಕ್ಷಿಣೆ ಹಾಕಿದರೂ ಹೊರಟಲ್ಲಿಗೇ ಬರುತ್ತೇವೆ ನಿಜ, ಆದರೆ ನಡುವೆ ದೇವರಿರುತ್ತಾನೆ. ಆದ್ದರಿಂದ ಮಾರುತಿಯನ್ನು ಕೋಣೆಯ ನಡುವೆ ಕೂಡಿಸಿ, ಯಂತ್ರಗಳೆಲ್ಲ ಅವನ ಸುತ್ತ ಬಲಕ್ಕೆ ಚಲಿಸುವಂತೆ ಏರ್ಪಾಟು ಮಾಡಿಸಬೇಕೆಂದು ವಿನಂತಿ.

ಬೂಟಿನ ಸಂಗತಿ ತಮ್ಮ ವರದಿಯಲ್ಲಿ 'ಸಮಯ ವ್ಯರ್ಥ' ಎಂಬ ಕಾಲಮ್ಮಿನಲ್ಲಿದೆ. ಬೂಟಿಲ್ಲದೆ ಯಂತ್ರ ಹತ್ತಬಾರದೆಂಬುದು ತಮ್ಮ ನಿಯಮ. ಬೂಟು ಹಾಕಿಕೊಂಡು ದೇವರೆದುರು ನಿಲ್ಲಬಾರದೆಂಬುದು ನಮ್ಮದು. ಹೀಗಾಗಿ ದಿನಾಲೂ ಬೂಟನ್ನು ಕೆಳಗೆ ವಾಚ್‌ಮನ್ನನ ಬಳಿ ಬಿಟ್ಟು ಬರಿಗಾಲಲ್ಲಿ ಹತ್ತಿಬಂದು ಮಾರುತಿಗೆ ನಮಸ್ಕರಿಸುತ್ತಿದ್ದೆ. ಮಲ್ಲಿಕಾರ್ಜುನ ಪಟಕ್ಕೊಂದು ಪರದೆ ಎಳೆಯುತ್ತಿದ್ದ. ನಾನು ಇಳಿದು ಹೋಗಿ ಬೂಟು ಹಾಕಿಕೊಂಡು ಮತ್ತೆ ಹತ್ತುತ್ತಿದ್ದೆ. ವ್ಯಾಯಾಮ ಮುಗಿದ ಮೇಲೆ ಬೂಟು ಕೆಳಗಿಟ್ಟು, ಕಾಲು ತೊಳೆದು, ಪರದೆ ಸರಿಸಿದ ಮಾರುತಿಯ ದರ್ಶನಕ್ಕೆ ಮೂರನೆಯ ಸಲ ಹತ್ತುತ್ತಿದ್ದೆ. ಇಷ್ಟಾದರೂ ತಮ್ಮ ಟೇಪು ಹಿಡಿದು ಅಳೆದರೆ ಸೊಂಟ ಆಷಾಢದಲ್ಲಿದ್ದಷ್ಟೇ ಕಾರ್ತಿಕದಲ್ಲೂ ಇತ್ತು.

ಮಾನ್ಯರೇ, ಆ ಸೊಂಟವನ್ನೇ ಹೊತ್ತುಕೊಂಡು ಹೋದ ವಾರ ಮೂರೂವರೆ ಸಾವಿರ ಮೆಟ್ಟಿಲು ಹತ್ತಿದೆ. ಜೊತೆಗೆ ಬಂದ ನಮ್ಮ ಮನೆಯವರು ಗಾಳಿಗೋಪುರದ ಹತ್ತಿರ ಕೂತು, "ಸ್ವಲ್ಪ ನಿಲ್ಲು, ನಿನಗ ಏನು ತಿನಸಿದ್ರ ಅಲ್ಲೆ?" ಎಂದು ಏದುಸಿರಿನಲ್ಲಿ ಕೇಳಿದರು. ಮಂಡಿ ಹಿಡಿಯಲಿಲ್ಲ. ಹರಕೆ ತೀರಿತು. ಆದ್ದರಿಂದ ವರದಿಯಲ್ಲಿ 'ಪ್ರಗತಿ' ಎಂಬಲ್ಲಿ ಅಳತೆಯ ಬದಲು 'ಸ್ವಾಮಿಯ ದರ್ಶನವಾಯಿತು' ಎಂದು ತಿದ್ದಿ, ಮೊಹರು ಹಾಕಿ ಕಳಿಸಬೇಕಾಗಿ ಕೋರುತ್ತೇನೆ.

ಸೊಂಟ ಬದಲಿಸದೆ ಮಾತು ಉಳಿಸಿಕೊಂಡ
ತಮ್ಮ ವಿಶ್ವಾಸಿ,
ಮಂದಾಕಿನಿಬಾಯಿ

ತಾ.ಕ.: ತಮ್ಮ ಲಿಫ್ಟ್ ಮೊನ್ನೆ ಸರಿಯಾಯಿತೆಂದು ಮಲ್ಲಿಕಾರ್ಜುನ ಹೇಳಿದ. ಇಡೀ ಶಾಲೆಯಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಆ ಕೆಟ್ಟ ಲಿಫ್ಟ್ ಒಂದೇ. ಬರುವ ವರ್ಷ ನಮ್ಮ ಮನೆಯವರನ್ನು ಸೇರಿಸಬೇಕೆಂದಿದ್ದೇನೆ. ಅಷ್ಟರೊಳಗೆ ದಯವಿಟ್ಟು ಅದನ್ನು ಮತ್ತೆ ಕೆಡಿಸಿರಿ, ಚೀಟಿಯನ್ನು ಹರಿಯಬೇಡಿರಿ.