ಪಖಾಲಿ ಹೊರಲೊಲ್ಲದ ಕೋಣನಿಗೆ ಬಣ್ಣದ ಶಿದ್ರಾಮಪ್ಪನ ಅಹವಾಲು

ರಬಕವಿ,
ಕಾರಹುಣ್ಣಿಮೆಯಾಗಿ ಹತ್ತನೆಯ ದಿನ, ೧೯೫೪

ಕರೆಪ್ಪನ ಹಿತ್ತಲಿನ ಕಾಯಂ ನಿವಾಸಿಗಳೂ, ಸದ್ಯ ಕೃಷ್ಣಾ ಹೊಳೆಯ ಮಡುವಿನಲ್ಲಿ ಮುಕ್ಕಾಂ ಮಾಡಿರುವವರೂ ಆದ ಕೋಣರಾಯರ ಸನ್ನಿಧಿಗೆ,

ಮಾನ್ಯರೇ,

ನೂಲಿಗೆ ಬಣ್ಣ ಹಾಕಿ ಬದುಕುವ ಶಿದ್ರಾಮಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕ್ಷೇಮವಾಗಿರುವುದನ್ನು ದಿನಾಲು ದಂಡೆಯ ಮೇಲೆ ನಿಂತು ಕಣ್ಣಾರೆ ಕಾಣುತ್ತಿದ್ದೇನೆ. ಈ ಕಡೆ ನಾವು ಕ್ಷೇಮವಾಗಿಲ್ಲ.

ತಮ್ಮ ಹಿಂದಿನ ಸೇವೆಯನ್ನು ನೆನೆಯದೆ ದೂರು ಹೇಳುವಷ್ಟು ಕೃತಘ್ನ ನಾನಲ್ಲ. ಮುಂಬಯಿ ಸಮುದ್ರದಿಂದ ಎದ್ದ ಮೋಡಗಳು ಘಟ್ಟದ ಮೇಲೆಯೇ ಹೊಟ್ಟೆ ಹಗುರ ಮಾಡಿಕೊಂಡು, ನಮ್ಮ ತಲೆಯ ಮೇಲೆ ಬರುವ ಹೊತ್ತಿಗೆ ಬರೀ ನೆರಳಾಗಿರುತ್ತವೆ. ಅಲ್ಲಿ ಬಿದ್ದ ಮಳೆ ಹೊಳೆಯಾಗಿ, ನಮ್ಮೂರ ಮುಂದೆ ಯಾರನ್ನೂ ಮಾತಾಡಿಸದೆ ಚಿಕ್ಕಪಡಸಲಗಿಯ ಕಡೆಗೆ ಹೋಗಿಬಿಡುತ್ತದೆ. ಬೇಸಿಗೆಗೆ ಅಲ್ಲೊಂದು ಇಲ್ಲೊಂದು ಮಡು ಉಳಿದರೆ ನಮ್ಮ ಪುಣ್ಯ. ಊರ ಬಾವಿಗಳ ನೀರೆಲ್ಲ ಉಪ್ಪುಪ್ಪು ಸವಳು. ಅದರಲ್ಲಿ ಅದ್ದಿದ ಕೆಂಪು ನೂಲು ಹಳೆಯ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತದೆ. ಸಿಹಿನೀರು ಎಲ್ಲಿಂದ ಬರುತ್ತದೆ ಎಂದು ಮಾಸ್ತರರು ಕೇಳಿದಾಗ ನಮ್ಮ ಮಕ್ಕಳು ಘಟ್ಟ ಎನ್ನದೆ ಕರೆಪ್ಪನ ಕೋಣ ಎಂದು ಉತ್ತರ ಕೊಡುತ್ತಿದ್ದುದು ಇದೇ ಕಾರಣಕ್ಕೆ.

ಬೆನ್ನಿನ ಎರಡೂ ಬದಿಗೆ ನೀರು ತುಂಬಿದ ತೊಗಲುಚೀಲದ ಪಖಾಲಿ ಇಳಿಬಿಟ್ಟುಕೊಂಡು ತಾವು ಏರು ಹತ್ತಿ ಬರುವಾಗ ಅರ್ಧ ನೀರು ದಾರಿಯಲ್ಲೇ ಸೋರಿ, ಸೋರಿದಲ್ಲಿ ಹುಲ್ಲು ಹುಟ್ಟಿ, ಆ ಹುಲ್ಲನ್ನು ತಾವೇ ಮೇಯುತ್ತಿದ್ದಿರಿ. ಸರಕಾರ ಇನ್ನೂ ನಕಾಶೆಯ ಮೇಲೆ ಗೆರೆ ಎಳೆಯುತ್ತಿರುವ ನೀರಾವರಿಯನ್ನು ತಾವು ಒಂದು ತೂತಿನಿಂದ ಮಾಡಿ ತೋರಿಸಿದ್ದಿರಿ. ಉಳಿದರ್ಧ ನನ್ನ ಹಂಡೆ ಸೇರಿ, ನೂಲು ತೊಳೆದು, ಗಟಾರದಲ್ಲಿ ಗುಲಾಬಿಯಾಗಿ ಹರಿದು ಮತ್ತೆ ಹೊಳೆಗೇ ಹೋಗುತ್ತಿತ್ತು. ಇದರ ಬಗ್ಗೆ ಕೆಳಗಿನ ಹಳ್ಳಿಯವರು ಅಂದದ್ದನ್ನು ಮರ್ಯಾದಸ್ಥರ ಪತ್ರದಲ್ಲಿ ಬರೆಯುವಂತಿಲ್ಲ.

ತಪ್ಪು ನನ್ನದೇ, ರಾಯರೇ. ಕಾರಹುಣ್ಣಿಮೆಯ ದಿನ ಊರ ಎತ್ತುಗಳಿಗೆಲ್ಲ ಕೋಡಿಗೆ ಹುರಮಂಜಿನ ಕೆಂಪು ಬಣ್ಣ, ಕೊರಳಿಗೆ ಗೆಜ್ಜೆ, ಹಣೆಗೆ ಬಾಸಿಂಗ. ವರ್ಷವಿಡೀ ಊರಿಗೆ ನೀರು ಹೊತ್ತ ತಮಗೆ ಒಂದು ಕುಂಕುಮದ ಬೊಟ್ಟೂ ಇಲ್ಲ. ಇದು ನ್ಯಾಯವಲ್ಲ ಎಂದುಕೊಂಡೆ. ಮನೆಯಲ್ಲಿ ಹುರಮಂಜು ಇರಲಿಲ್ಲವಾಗಿ, ನೂಲಿಗೆಂದು ಕುದಿಸಿಟ್ಟ ಪಕ್ಕಾ ಬಣ್ಣವನ್ನೇ ತಮ್ಮ ಎರಡೂ ಕೋಡಿಗೆ ಬಳಿದು, ಗೊಂಡೆ ಕಟ್ಟಿ, ಎತ್ತುಗಳ ಮೆರವಣಿಗೆಯ ನಡುವೆ ನುಗ್ಗಿಸಿದೆ. ಹೆಂಡತಿ ಶಿವಗಂಗವ್ವ ಬಾಗಿಲಲ್ಲಿ ನಿಂತು, "ಕ್ವಾಣಕ್ಕ ಎತ್ತಿನ ಮರ್ಯಾದಿ ಮಾಡಾಕತ್ತೀರಿ, ನಾಳೆ ಅದು ನೀರ ಹೊರತೈತೇನ್ರಿ?" ಎಂದಳು. ನಾನು ನಕ್ಕುಬಿಟ್ಟೆ.

ಮರುದಿನ ಪಖಾಲಿ ಕಂಡೊಡನೆ ತಾವು ಮುಖ ತಿರುಗಿಸಿದಿರಿ. ಎತ್ತಾದವರು ನೀರು ಹೊರುವುದು ತಮಗೆ ಸರಿಕಾಣಲಿಲ್ಲ. ಹಾಗಾದರೆ ನೇಗಿಲಿಗಾದರೂ ಬನ್ನಿ ಎಂದರೆ ಆಗ ತಾವು ಕೋಣರು. ಎರಡೂ ಹುದ್ದೆಯ ರಜೆಯನ್ನು ಒಟ್ಟಿಗೇ ಮಂಜೂರು ಮಾಡಿಕೊಂಡು ಮಡು ಸೇರಿದಿರಿ. ಹೆಂಗಸರು ಉಸುಕಿನಲ್ಲಿ ವರತೆ ತೋಡಿ ಕುಡಿಯುವ ನೀರನ್ನಾದರೂ ದಕ್ಕಿಸಿಕೊಂಡರು. ಕೋಡಿನ ಬಣ್ಣ ಹೋದರೆ ಭ್ರಮೆಯೂ ಇಳಿದೀತೆಂದು ತಮ್ಮ ಯಜಮಾನ ಕರೆಪ್ಪನೂ ನಾನೂ ಬೂದಿ, ಸೀಗೆಕಾಯಿ, ಇಟ್ಟಂಗಿಯ ತುಂಡು ಎಲ್ಲ ಹಾಕಿ ತಿಕ್ಕಿದೆವು. ನನ್ನ ಬಣ್ಣ ಜನ್ಮಕ್ಕೂ ಹೋಗದು ಎಂದು ಇಪ್ಪತ್ತು ವರ್ಷದಿಂದ ಬಜಾರಿನಲ್ಲಿ ಎದೆ ತಟ್ಟಿ ಹೇಳುತ್ತ ಬಂದಿದ್ದೆ. ಅದು ಇಷ್ಟು ಖರೆ ಎಂದು ನನಗೇ ಗೊತ್ತಿರಲಿಲ್ಲ.

ಇಲ್ಲಿಂದ ಮುಂದಿನದು ನಗುವ ಮಾತಲ್ಲ. ನೇಕಾರ ಬಸಗೊಂಡಪ್ಪ ಮೂವತ್ತು ವರ್ಷ ಕಂಡವರ ಹೆಣ್ಣುಮಕ್ಕಳಿಗೆ ಲಗ್ನದ ಸೀರೆ ನೇಯ್ದವನು, ಈಗ ಮೊದಲ ಸಲ ಸ್ವಂತ ಮಗಳು ಭಾಗವ್ವನಿಗೆ ನೇಯಬೇಕು. ಲಗ್ನ ಶ್ರಾವಣದಲ್ಲಿ. ಇನ್ನು ಕೆಲವೇ ದಿನಕ್ಕೆ ಹೊಳೆ ಬಂದರೆ ಎರಡು ತಿಂಗಳು ಬರೀ ರಾಡಿ ನೀರು, ನೂಲು ಅದ್ದುವಂತಿಲ್ಲ. ಅವನು ನೂಲು ಇಟ್ಟು, ಕೈಮುಗಿದು, "ಇಟ್ಟಂಗಿ ಬಣ್ಣ ಆಗಬಾರದು ನೋಡ್ರಿ, ಇಷ್ಟ" ಎಂದು ಹೋದ. ಹೆಚ್ಚು ಮಾತಾಡುವ ಮನುಷ್ಯನಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಕೊನೆಗೆ ನಿನ್ನೆ ಕರೆಪ್ಪನೂ ನಾನೂ ಬಿದಿರಿನ ಗಳಕ್ಕೆ ಪಖಾಲಿ ಕಟ್ಟಿ ಹೆಗಲು ಕೊಟ್ಟೆವು. ವರತೆಯ ನೀರು ಹಂಡೆಗೆ ಸಾಲದ್ದರಿಂದ ತಮ್ಮ ಮಡುವಿನಲ್ಲೇ, ತಾವು ಕಣ್ಣುಮುಚ್ಚಿ ಮೆಲುಕು ಹಾಕುತ್ತಿದ್ದ ಪಕ್ಕದಲ್ಲೇ, ಅರ್ಧರ್ಧ ತುಂಬಿಸಿಕೊಂಡು ಎಂಟು ಸಲ ಏರು ಹತ್ತಿದೆವು. ತಾವು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಿರಿ. ದಾರಿಯಲ್ಲಿ ಮುದುಕಿ ಸೋಮವ್ವ, "ಜೋಡಿ ಛಲೋ ಐತಿ, ಯಾವ ಸಂತ್ಯಾಗ ತಂದ್ರೋ?" ಎಂದು ಕೇಳಿದಳು. ನಾವು ಹೆಗಲು ಬದಲಿಸಿ ಏರು ಹತ್ತಿದೆವು.

ಆದಕಾರಣ ತಮ್ಮಲ್ಲಿ ನಮ್ರ ವಿನಂತಿ. ಎತ್ತಿಗೆ ನೊಗ ಹೂಡದ ಸೋಮವಾರ ಬೇಕಾದರೆ ಎತ್ತಾಗಿರಿ, ಉಳಿದ ಆರು ದಿನ ದಯವಿಟ್ಟು ಕೋಣರಾಗಿರಿ. ಅದು ಒಪ್ಪಿಗೆಯಿಲ್ಲದಿದ್ದರೆ ಯಾವುದಾದರೂ ಎತ್ತನ್ನು ಕೋಣನೆಂದು ನಂಬಿಸಿ ತಮ್ಮ ಬದಲಿಗೆ ಕಳಿಸಿಕೊಡಿ. ಅದೂ ಆಗದಿದ್ದರೆ, ಹೇಗೂ ಹೊಳೆಯ ಮಡಿಲಲ್ಲೇ ಇದ್ದೀರಿ, ಇನ್ನು ಮುಂದೆ ನಮ್ಮ ಓಣಿಯ ಮೇಲೆ ಹಾದುಹೋಗೆಂದು ಅದಕ್ಕೊಂದು ಮಾತು ಹೇಳಿ. ಉತ್ತರಕ್ಕೆ ಬಾಲ ಅಲ್ಲಾಡಿಸಿದರೂ ಸಾಕು.

ತಮ್ಮ ವಿಶ್ವಾಸಿ,
ಶಿದ್ರಾಮಪ್ಪ
(ಸದ್ಯ ತಮ್ಮ ಜಾಗದಲ್ಲಿ ಹಂಗಾಮಿ ಕೋಣ)

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಬಸಗೊಂಡಪ್ಪ ಬಂದ. ನಿನ್ನೆಯ ನೀರಿನಲ್ಲಿ ಬಣ್ಣ ಹಾಕಿ ಒಣಗಿಸಿದ್ದ ನೂಲನ್ನು ಬಿಸಿಲಿಗೆ ಹಿಡಿದು, "ಇಂಥಾ ಕೆಂಪು ನಾ ಎಂದೂ ನೇಯ್ದಿಲ್ರಿ" ಎಂದು ಕಣ್ಣೊರೆಸಿಕೊಂಡ. ನನ್ನ ಕಣ್ಣೂ ಒದ್ದೆಯಾಯಿತು. ಆ ಕೆಂಪು ಬರಲು, ಇಷ್ಟು ದಿನ ಬಿದ್ದುಕೊಂಡು ಆ ನೀರಿನಲ್ಲಿ ತಾವು ಏನೇನು ಬಿಟ್ಟಿದ್ದೀರೆಂದು ನಾನು ವಿಚಾರಿಸುವುದಿಲ್ಲ. ಸಂಜೆಯಾಗುವುದರೊಳಗೆ ಸುದ್ದಿ ಹಬ್ಬಿ ಬನಹಟ್ಟಿಯ ನೇಕಾರರೂ ಅದೇ ಕೆಂಪು ಬೇಕೆಂದು ನೂಲು ಕಳಿಸಿದ್ದಾರೆ. ಮೇಲಿನ ವಿನಂತಿಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ: ಹೊಳೆ ಬರುವವರೆಗೆ ತಾವು ಮಡು ಬಿಟ್ಟು ಏಳಕೂಡದು, ನೀರು ನಾವೇ ಹೊರುತ್ತೇವೆ. ಈ ಬಹಿರಂಗ ಪತ್ರವನ್ನು ಓದಿದ ಸಮಸ್ತರಲ್ಲಿ ಒಂದೇ ಬೇಡಿಕೆ, ಭಾಗವ್ವನಿಗೆ ಯಾರೂ ಹೇಳಬೇಡಿ.