ಕಾಕಾ ಮತ್ತು ಉತ್ತರ ಬರೆಯದ ಸಂಪಾದಕರು

ಅಂಚೆಯವನ ದಾರಿ ಕಾಯುವವರನ್ನು ನೀವು ಕಂಡಿರಬಹುದು. ಅಂಚೆಯವನೇ ಯಾರನ್ನು ಕಂಡು ಓಣಿ ಬದಲಿಸುತ್ತಿದ್ದನೋ ಅಂಥ ಮನುಷ್ಯ ಮಾತ್ರ ಇಡೀ ಮುಂಡರಗಿಗೆ ನಮ್ಮ ಕಾಕಾ ಒಬ್ಬನೇ. "ಇವತ್ತೂ ಏನೂ ಇಲ್ರಿ" ಎಂದು ದಿನಾ ಹೇಳಿ ಹೇಳಿ ಪಾಪ ಅವನಿಗೂ ಸಾಕಾಗಿತ್ತು.

ಕಾಕಾನದು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಅಂಗಡಿ. ಹೊಟ್ಟೆಪಾಡಿಗೆ ಗಡಿಯಾರ, ಉಳಿದ ಹೊತ್ತೆಲ್ಲ ಲೇಖಕ. ವಾರಪತ್ರಿಕೆ, ಮಾಸಪತ್ರಿಕೆ, ಪುರವಣಿ, ಯಾವುದನ್ನೂ ಬಿಟ್ಟವನಲ್ಲ. ಹೋದ ಲೇಖನ ಅಚ್ಚಾಗುತ್ತಿರಲಿಲ್ಲ. ಅದು ಹೋಗಲಿ, ತಿರುಗಿ ಬರಬೇಕೋ ಬೇಡವೋ? ಸ್ಟ್ಯಾಂಪು ಹಚ್ಚಿ, ತನ್ನ ವಿಳಾಸ ಬರೆದ ಕವರನ್ನೂ ಜೊತೆಗಿಟ್ಟು ಕಳಿಸುತ್ತಿದ್ದ. ಆ ಕವರುಗಳೂ ಮಾಯ. ಅವುಗಳ ಸ್ಟ್ಯಾಂಪು ಕಿತ್ತು ಸಂಪಾದಕರು ತಮ್ಮ ಬೀಗರಿಗೆ ಪತ್ರ ಹಾಕುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಎರಡು ಓಣಿ ಆಚೆ ಮನೆ ಮಾಡಿಕೊಂಡಿದ್ದ ಸಾಲಿ ಮಾಸ್ತರ ನಾನು, ಸಾಲಿ ಬಿಟ್ಟೊಡನೆ ಅವನ ಅಂಗಡಿಗೆ ಹೋಗಿ ಇದನ್ನೆಲ್ಲ ಕೇಳಬೇಕಿತ್ತು. ಹೋಗದಿದ್ದರೆ ಅವನೇ ಬರುತ್ತಿದ್ದ.

ಗದಗ ಹೊಸ ಜಿಲ್ಲೆಯಾದಾಗ ಊರವರೆಲ್ಲ ಕಚೇರಿ ಹತ್ತಿರವಾಯಿತೆಂದು ಹಿಗ್ಗಿದರು. ಕಾಕಾನ ಹಿಗ್ಗೇ ಬೇರೆ. ಇಷ್ಟು ದಿನ ಧಾರವಾಡ ಜಿಲ್ಲೆಯಲ್ಲಿದ್ದೆವು, ಅಲ್ಲಿ ಮನೆಗೊಬ್ಬ ಲೇಖಕ, ನಮ್ಮ ಪಾಳಿ ಬರುವುದು ಯಾವಾಗ? ಇನ್ನು ಹೊಸ ಜಿಲ್ಲೆಯಲ್ಲಿ ಬರೆಯುವವರು ಯಾರಿದ್ದಾರೆಂದು ಸಂಪಾದಕರೇ ಹುಡುಕಿಕೊಂಡು ಬರಬೇಕು ಎಂದು ಡಂಬಳದ ಕೆರೆಯ ಮೇಲೊಂದು ಲೇಖನ ಕಳಿಸಿದ. ಯಾರೂ ಹುಡುಕಲಿಲ್ಲ. ಜಿಲ್ಲೆಯಾದ ಖಬರು ಅವರಿಗೆ ಮುಟ್ಟಿಲ್ಲವೇನೋ ಎಂದು ಅದನ್ನೂ ಒಂದು ಕಾರ್ಡು ಬರೆದು ತಿಳಿಸಿದ.

ಆಮೇಲೆ ಹೊಸ ಉಪಾಯ ಹೂಡಿದ. ಕಾಕಿಯ ಹೆಸರಿನಲ್ಲಿ ಒಂದು ವಾರಪತ್ರಿಕೆಗೆ ಓದುಗರ ಪತ್ರ ಬರೆದ. ಡಂಬಳದ ಕೆರೆಯಂಥ ವಿಷಯದ ಮೇಲೆ ತಾವೇಕೆ ಲೇಖನ ಹಾಕುವುದಿಲ್ಲ ಎಂದು ಕೇಳಿದ್ದ. ಮುಂದಿನ ವಾರವೇ ಆ ಪತ್ರ ಅಚ್ಚಾಯಿತು. ಕಾಕಿ ಪತ್ರಿಕೆ ಹಿಡಿದು ಓಣಿಯೆಲ್ಲ ತಿರುಗಿ ಬಂದು ಗಂಡನನ್ನು ಕೇಳಿದಳು: "ನನಗ ಒಂದ ಸಲಕ್ಕ ಬಂತು, ನಿಮಗ್ಯಾಕ ಬರವಲ್ದು?"

ಅವತ್ತೇ ಕಾಕಾ ಹುಬ್ಬಳ್ಳಿ ಬಸ್ಸು ಹತ್ತಿದ. ಅಲ್ಲಿನ ಒಂದು ಮಾಸಪತ್ರಿಕೆಯ ಸಂಪಾದಕರು ಸಿಕ್ಕರು, ಚಹಾ ಕೊಟ್ಟರು, ಉದ್ಯೋಗವೇನೆಂದು ಕೇಳಿದರು. ಗಡಿಯಾರ ರಿಪೇರಿ ಎಂದದ್ದೇ ತಡ, ಮಣಿಕಟ್ಟಿನಿಂದ ನಿಂತ ಗಡಿಯಾರ ಬಿಚ್ಚಿಕೊಟ್ಟರು. ಅದಾದ ಮೇಲೆ ಗೋಡೆಯದು. ಎರಡನ್ನೂ ನೆಟ್ಟಗೆ ಮಾಡಿ ಬಂದ ಕಾಕಾ, ಈ ಸಲ ಉತ್ತರ ಬಂದೇ ಬರುತ್ತದೆ ಎಂದ. ಖರೆ, ಬಂತು. ಅವನ ಜೀವಮಾನದಲ್ಲಿ ಸಂಪಾದಕರೊಬ್ಬರು ಬರೆದ ಮೊದಲ ಕಾರ್ಡು. ಗಡಿಯಾರ ಮತ್ತೆ ನಿಂತಿದೆ, ಈ ಕಡೆ ಬಂದಾಗ ನೋಡಿ ಹೋಗಬೇಕು ಎಂದಿತ್ತು.

ಕಾಕಾ ಕನ್ನಡಕ ತೆಗೆದಿಟ್ಟು ಒಂದು ಖಾಲಿ ಕಾರ್ಡು ಎಳೆದುಕೊಂಡ. ಆಮೇಲೆ ನನ್ನನ್ನು ಕೇಳಿದ: "ತಮ್ಮ ಗಡಿಯಾರ ಪರಿಶೀಲನೆಯಲ್ಲಿದೆ ಅಂತ ಬರೀಲೇನಲೇ?"

ಇಂಥವನನ್ನೇ ಸಂಪಾದಕನನ್ನಾಗಿ ಮಾಡಬೇಕೆ? ಗದಗಿನ ಕೆಲವು ವ್ಯಾಪಾರಸ್ಥರು, ಮಾಸ್ತರರು ಕೂಡಿ ಸಣ್ಣದೊಂದು ಮಾಸಪತ್ರಿಕೆ ತೆಗೆದರು. ಪುಕ್ಕಟೆ ದುಡಿಯಲು ಬೇರೆ ಯಾರೂ ಒಪ್ಪದೆ ಅದು ಕಾಕಾನ ಕೊರಳಿಗೆ ಬಿತ್ತು. ಬಂದ ಪ್ರತಿಯೊಂದು ಬರಹಕ್ಕೂ ಉತ್ತರ ಹೋಗಬೇಕು ಎಂಬುದು ಅವನ ಮೊದಲ ಕಾಯದೆ. ಲಕ್ಷ್ಮೇಶ್ವರದ ಅಜ್ಜನೊಬ್ಬನ ಉದ್ದನೆಯ ಪದ್ಯಕ್ಕೆ ಪದ್ಯಕ್ಕಿಂತ ಉದ್ದನೆಯ ಉತ್ತರ ಬರೆದ. ಅಂಗಡಿಯಲ್ಲಿ ಗಡಿಯಾರಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. ಗಿರಾಕಿಗಳು ಬಂದು ನನ್ನನ್ನು ಬೈಯುತ್ತಿದ್ದರು.

ಮನೆಯ ಪತ್ರಿಕೆಯೇ ಅಲ್ಲವೇ ಎಂದು ನಾನೂ ಒಂದು ಪ್ರಬಂಧ ಕೊಟ್ಟೆ. ಎರಡು ಓಣಿ ಆಚೆಯ ನನಗೆ ಅಂಚೆಯಲ್ಲಿ ಕಾರ್ಡು ಬಂತು. "ಮಾನ್ಯರೇ, ತಮ್ಮ ಬರಹವನ್ನು ಮತ್ತೆ ಮತ್ತೆ ಓದಿದೆ. ಪ್ರಕಟಿಸಲು ಸಾಧ್ಯವಾಗುತ್ತಿಲ್ಲ. ತಾವು ಕಂಡದ್ದನ್ನು ಬರೆಯಿರಿ, ಓದಿದ್ದನ್ನು ಬರೆಯಬೇಡಿರಿ."

ಮೈಯೆಲ್ಲ ಉರಿದು ನೆಟ್ಟಗೆ ಅವನ ಮನೆಗೆ ಹೋದೆ. ಕಾಕಾ ತಾಟಿನ ಮುಂದೆ ಕುಂತಿದ್ದ, ರೊಟ್ಟಿ ಹಾಗೇ ಇತ್ತು. ನನಗೆ ಆ ಕಾರ್ಡು ಹಾಕಿ ಬಂದಾಗಿನಿಂದ ನೆಟ್ಟಗೆ ಉಂಡಿಲ್ಲ ಎಂದು ಕಾಕಿ ಹೇಳಿದಳು. ಅವನು ತಲೆ ಎತ್ತಲಿಲ್ಲ.

"ಬ್ಯಾಡ ಅಂತ ಬರಿಯಾಕ ಕೈ ಬರಾಂಗಿಲ್ಲಲೇ," ಎಂದ. "ಆ ಸಂಪಾದಕರಿಗೂ ಹಿಂಗ ಆಗಿರಬೇಕು. ನಾ ಸುಮ್ಮ ಸುಮ್ಮನ ಬೈದೆ."

ಕಾರ್ಡನ್ನು ಕಿಸೆಗೆ ಹಾಕಿಕೊಂಡು ನಾನು ಅವನೆದುರಿಗೆ ಕುಂತೆ. "ಭಾಳ ಬ್ಯಾಸರಾತೇನು?" ಎಂದು ಕೇಳಿದ.

ಇಲ್ಲ ಎಂದೆ.

ಆಗ ರೊಟ್ಟಿ ಮುರಿದ.