ಕಂಟೇನರಿಗೆ ಉಡಿ ತುಂಬಿದ ಮಾಮಾ

ನಮ್ಮ ಮಾಮಾ ಸಮುದ್ರ ನೋಡಿದವನಲ್ಲ. ಆದರೆ ಸಮುದ್ರದ ವಿಷಯದಲ್ಲಿ ಮಾತ್ರ ಆತನೊಡನೆ ವಾದಕ್ಕೆ ಇಳಿಯಬೇಡಿ, ಸೋತು ಮನೆಗೆ ಹೋಗುತ್ತೀರಿ! ನನ್ನ ಅವ್ವನ ಅಣ್ಣನಾದ ಈತನ ಊರು ಕೊರ್ಲಹಳ್ಳಿ. ತೋಟದ ಅಂಚಿಗೆ ತುಂಗಭದ್ರೆ ಹರಿಯುತ್ತಾಳೆ. ಅರವತ್ತು ದಾಟಿದರೂ ಅದಕ್ಕಿಂತ ದೊಡ್ಡ ನೀರನ್ನು ಆತ ಕಣ್ಣಾರೆ ಕಂಡಿಲ್ಲ. ಆದರೂ ಮೂರು ವರ್ಷದಿಂದ ತನ್ನ ತೋಟದ ಬಾಳೆಕಾಯಿಯನ್ನು ಹಡಗು ಹತ್ತಿಸಿ ದುಬೈಗೆ ಕಳಿಸುತ್ತಿದ್ದಾನೆ. ಊರಿನ ಏಳೆಂಟು ಮಂದಿ ರೈತರ ಬಾಳೆಯೂ ಈತನ ಮಾತನ್ನು ನಂಬಿಯೇ ಜೊತೆಗೆ ಹೋಗುತ್ತದೆ. ದುಬೈ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯುವ ಕೆಲಸ ಮಾತ್ರ ಸೋದರಸೊಸೆಯಾದ ನನ್ನ ಪಾಲಿಗೆ ಬಂದಿದೆ. ಗದಗಿನ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನಲ್ಲ, ಅದಕ್ಕೆ ಸಿಕ್ಕ ಶಿಕ್ಷೆ ಇದು.

ಮೊದಲ ಸಲ ಕಂಟೇನರ್ ಹೊತ್ತ ಲಾರಿ ಊರಿಗೆ ಬಂದಾಗ ಸುಡುಸುಡು ಏಪ್ರಿಲ್. ಮಾಮಾ ಉಲ್ಲನ್ ಸ್ವೆಟರ್ ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ, ಸ್ಟೂಲು ಹಿಡಿದು ಬಂದ. ಜನ ಜ್ವರ ಬಂದಿದೆಯೆಂದು ದಾರಿ ಬಿಟ್ಟರು. ಆತ ಸೀದಾ ತಣ್ಣನೆಯ ಕಂಟೇನರಿನೊಳಗೆ ಹೋಗಿ ಬಾಗಿಲು ಮುಂದೆ ಮಾಡಿಸಿ ಕೂತುಬಿಟ್ಟ. ಹದಿಮೂರು ಡಿಗ್ರಿ ಇರಬೇಕು. ಥಂಡಿ ಹೆಚ್ಚಾದರೆ ಕಾಯಿ ಕಪ್ಪಾಗುತ್ತದೆ, ಕಡಿಮೆಯಾದರೆ ದಾರಿಯಲ್ಲೇ ಹಣ್ಣಾಗುತ್ತದೆ. ಅದನ್ನು ತೋರಿಸಲು ಹೊರಗೆ ಮೀಟರ್ ಇದೆಯಲ್ಲ ಎಂದು ಡ್ರೈವರ್ ಹೇಳಿ ನೋಡಿದ.

"ಮೀಟರ್ ಏನ್ ಬಾಳಿ ಬೆಳದೈತೇನ್ರಿ?" ಎಂದು ಒಳಗಿನಿಂದ ಉತ್ತರ ಬಂತು.

ಅರ್ಧ ಗಂಟೆ ಕಳೆದು ಸೀನುತ್ತ ಹೊರಬಂದ ಮಾಮಾ, ಥಂಡಿ ಸರಿಯಾಗಿದೆ ಎಂದು ತೀರ್ಪು ಕೊಟ್ಟ. ಮೀಟರೂ ಹದಿಮೂರನ್ನೇ ತೋರಿಸುತ್ತಿತ್ತು. ಪಾಪ, ಅದಕ್ಕೂ ಸಮಾಧಾನ ಆಗಿರಬೇಕು!

ಪೆಟ್ಟಿಗೆಗಳನ್ನು ಏರಿಸಿದ ಮೇಲೆ ಮಾಮಾ ಇನ್ನೊಂದು ಕೆಲಸ ಮಾಡಿದ. ನಾನು ಅದನ್ನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ನಮ್ಮ ಕಡೆ ಮನೆಮಗಳು ಗಂಡನ ಮನೆಗೆ ಹೊರಟರೆ ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ, ಐದು ಬಾಳೆಹಣ್ಣು ಹಾಕಿ ಉಡಿ ತುಂಬಿ ಕಳಿಸುತ್ತೇವೆ. ಮಾಮಾನಿಗೆ ಇರುವವರು ಇಬ್ಬರು ಗಂಡುಮಕ್ಕಳು. ಕಂಟೇನರನ್ನೇ ಮಗಳೆಂದು ತಿಳಿದನೋ ಏನೋ, ಹಸಿರು ಖಣದಲ್ಲಿ ಎಲ್ಲವನ್ನೂ ಕಟ್ಟಿ ತೆಂಗಿನಕಾಯಿ ಸಮೇತ ಪೆಟ್ಟಿಗೆಗಳ ಸಂದಿಯಲ್ಲಿ ಇಟ್ಟ. ಇಷ್ಟು ದೊಡ್ಡ ಹೆಣ್ಣಿಗೆ ಐದು ಹಣ್ಣು ಎಲ್ಲಿ ಸಾಲುತ್ತವೆ ಎಂದು ಐದು ಡಜನ್ ಇಟ್ಟ. ಎಲ್ಲವೂ ಹಳದಿಗಟ್ಟಿ ಘಮಘಮಿಸುವ ಕಳಿತ ಹಣ್ಣು.

ಹಡಗು ಮುಂಬೈ ಬಿಟ್ಟಿತು. ಹಡಗು ಎಲ್ಲಿದೆಯೆಂದು ಮೊಬೈಲಿನಲ್ಲೇ ಕಾಣುತ್ತದೆ ಎಂದು ಯಾರೋ ಆತನಿಗೆ ತೋರಿಸಿಕೊಟ್ಟಿದ್ದರು. ಅವರು ಇನ್ನೇನಾದರೂ ಕಲಿಸಲು ಮತ್ತೆ ಮಾಮಾನ ಕೈಗೆ ಸಿಗದಿರಲಿ ಎಂದು ಆತನ ಹೆಂಡತಿ, ನಮ್ಮ ಅತ್ತಿ, ಈಗಲೂ ಹಾರೈಸುತ್ತಾಳೆ. ಮುಂಡರಗಿ ಸಂತೆಯಲ್ಲಿ ಬದನೆಕಾಯಿ ಆರಿಸುವವರನ್ನು ನಿಲ್ಲಿಸಿ ಅಲೆಯ ವರದಿ ಒಪ್ಪಿಸುತ್ತಿದ್ದ. ಹಡಗು ನಡೆಸುವವನಿಗೂ ಅಷ್ಟು ಚಿಂತೆ ಇದ್ದಿರಲಾರದು. ಬಂದರಿನ ಏಜೆಂಟನಿಗೆ ಫೋನು ಮಾಡಿ, ನಮ್ಮ ಪೆಟ್ಟಿಗೆಯನ್ನು ತಳದಲ್ಲಿ ಇಟ್ಟಿಲ್ಲ ತಾನೆ, ಉಸಿರು ಕಟ್ಟೀತು ಎಂದು ಕೇಳಿದನಂತೆ. ಲಕ್ಷ್ಮೇಶ್ವರದಲ್ಲಿ ನೆಂಟರ ಮದುವೆ. ಎಲೆಯ ಮೇಲಿನ ಸಿಹಿ ಮಾದಲಿಗೆ ತುಪ್ಪ ಬಿದ್ದಿತ್ತು, ಮಾಮಾ ಮೊಬೈಲು ನೋಡಿ ಕೈ ಹಿಂದೆ ತೆಗೆದ.

"ನಿಂತೈತಿ," ಎಂದ, ಮುಖ ಸಣ್ಣದು ಮಾಡಿ.

ಹಡಗು ದುಬೈ ಬಂದರಿನ ಹೊರಗೆ ಸರದಿ ಕಾಯುತ್ತ ನಿಂತಿತ್ತು, ಅಷ್ಟೇ. ಆದರೆ ಪಂಕ್ತಿಯವರಿಗೆ ಏನು ಗೊತ್ತು? ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾಮಾನ ಬೆನ್ನು ಸವರಿ, ಯಾವ ದವಾಖಾನೆ ಎಂದು ಮೆಲ್ಲಗೆ ಕೇಳಿದರು.

ಕೊನೆಗೂ ದುಬೈಯಿಂದ ನನಗೆ ಫೋಟೋ ಬಂತು. ಪೆಟ್ಟಿಗೆಗಳ ತುಂಬ ಹಣ್ಣೋ ಹಣ್ಣು! ಒಡೆದ ಹಣ್ಣು, ಕಪ್ಪಿಟ್ಟ ಹಣ್ಣು, ರಸ ಸೋರುವ ಹಣ್ಣು. ನಡುವೆ ಹಸಿರು ಖಣದ ಗಂಟು. ಕಳಿತ ಹಣ್ಣಿನಿಂದ ಹೊರಡುವ ಗಾಳಿಗೆ ಮುಚ್ಚಿದ ಕಂಟೇನರಿನ ಕಾಯಿಯೆಲ್ಲ ದಾರಿಯಲ್ಲೇ ಹಣ್ಣಾಗಿದ್ದವು. ಮಾವಿನಕಾಯಿ ಹುಲ್ಲಿನಲ್ಲಿಡುವಾಗ ಜಲ್ದಿ ಹಣ್ಣಾಗಲಿ ಎಂದು ಅತ್ತಿ ನಡುವೆ ಒಂದು ಹಣ್ಣಿಡುವುದನ್ನು ಪ್ರತಿ ವರ್ಷ ನೋಡುವ ಮನುಷ್ಯ, ಇದನ್ನು ಮರೆತಿದ್ದ. ಈ ಗಂಟಿನ ಅರ್ಥವೇನು ಎಂದು ವ್ಯಾಪಾರಿ ಕೇಳಿದ್ದ. ಉಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಕಡೆಗೆ ನಡೆದದ್ದನ್ನು ನಡೆದ ಹಾಗೆ ಬರೆದುಬಿಟ್ಟೆ. ಆತ ಒಳ್ಳೆಯವನು. ತೆಂಗಿನಕಾಯಿ ಮಾತ್ರ ಚೆನ್ನಾಗಿ ಬಂದಿದೆ ಎಂದು ಉತ್ತರಿಸಿ, ಇನ್ನೊಂದೇ ಅವಕಾಶ ಕೊಡುವುದಾಗಿ ತಿಳಿಸಿದ. ಅದೂ ಕೆಟ್ಟರೆ ಕೊರ್ಲಹಳ್ಳಿಯ ಬಾಳೆ ಮತ್ತೆ ಬೇಡ ಎಂದೂ ಬರೆದಿದ್ದ.

ಅಲ್ಲಿಗೆ ಮಾಮಾನ ಮಾತು ನಿಂತಿತು. ಆತನನ್ನು ನಂಬಿ ಗೊನೆ ಕಡಿದ ರೈತರು ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಿದ್ದ. ಅವರಾದರೂ ಬೈಯಲಿಲ್ಲ, ಎರಡನೆಯ ಸಲವೂ ಕಾಯಿ ತಂದುಕೊಟ್ಟರು. ಅದೇ ಆತನಿಗೆ ಹೆಚ್ಚು ಭಾರವಾಯಿತು.

ಎರಡನೆಯ ಕಂಟೇನರ್ ತುಂಬುವ ದಿನ ಅವ್ವನನ್ನು ಕರೆದುಕೊಂಡು ಬೆಟಗೇರಿಯ ನಮ್ಮ ಮನೆಯಿಂದ ನಾನೂ ಹೋಗಿದ್ದೆ. ಪೆಟ್ಟಿಗೆಗಳೆಲ್ಲ ಒಳಗೆ ಹೋಗಿದ್ದವು. ಮಾಮಾ ಸ್ವೆಟರ್ ಸಹ ಹಾಕಿರಲಿಲ್ಲ. ಬಾಗಿಲ ಬಳಿ ನಿಂತವನು ಮುಚ್ಚಲು ಬಿಡಲೊಲ್ಲ. ಲಾರಿ ತಡವಾದರೆ ಹಡಗು ತಪ್ಪುತ್ತದೆ ಎಂದು ಏಜೆಂಟ್ ಮುಂಬೈಯಿಂದ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ. ರೈತರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಸಿಟ್ಟಿನಿಂದಲೇ ಹೋಗಿ, ಮತ್ತೇನಾಯಿತು ಎಂದು ಕೇಳಿದೆ.

"ಬರಿ ಉಡಿಲೆ ಹೆಂಗ ಕಳಸ್ಲಿ ಯವ್ವಾ?" ಎಂದ. ಆ ದನಿ ಕೇಳಿ ನನ್ನ ಸಿಟ್ಟು ಇಳಿದುಹೋಯಿತು.

ಆಗ ಅವ್ವ ಮುಂದೆ ಬಂದಳು. "ಅಣ್ಣಾ, ನನ್ನ ಉಡಿಗೆ ನೀ ಏನ್ ಹಾಕಿದ್ದಿ?"

ಮಾಮಾ ತಲೆ ತಗ್ಗಿಸಿದ. "ಕಾಯಿ," ಎಂದ. "ಅವತ್ತ ಹಣ್ಣ ಸಿಗಲಿಲ್ಲ ತಂಗಿ."

ನಾನು ಆ ಕಥೆ ಕೇಳಿದ್ದು ಅವತ್ತೇ. ಅವ್ವನ ಮದುವೆಯ ಹೊತ್ತಿಗೆ ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡಿದ್ದರು. ಎಲ್ಲ ಜವಾಬ್ದಾರಿ ಇಪ್ಪತ್ತು ವರ್ಷದ ಅಣ್ಣನ ತಲೆಯ ಮೇಲೆ. ದಿಬ್ಬಣ ಹೊರಟು ನಿಂತಾಗ ಹಣ್ಣು ತರುವುದೇ ಮರೆತದ್ದು ಗೊತ್ತಾಗಿ, ಹಿತ್ತಲಿಗೆ ಓಡಿ ಐದು ಹಸಿ ಬಾಳೆಕಾಯಿ ಕಿತ್ತು ತಂದಿದ್ದ. ಬೆಟಗೇರಿಯಲ್ಲಿ ಬೀಗರ ಕಡೆಯವರು ಉಡಿ ಬಿಚ್ಚಿ ನೋಡಿ ನಕ್ಕರಂತೆ. ಆ ನಗು ಮಾಮಾನ ಕಿವಿಗೂ ಬಿದ್ದಿತ್ತು. ನಲವತ್ತು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದ. ಐದರ ಜಾಗದಲ್ಲಿ ಐದು ಡಜನ್ ಹಣ್ಣು ಏಕೆ ಹೋಯಿತೆಂದು ನನಗೆ ಆಗ ತಿಳಿಯಿತು. ನಾವೆಲ್ಲ ಅದನ್ನು ಹೇಳಿ ಹೇಳಿ ನಕ್ಕಿದ್ದೆವು. ನನಗೆ ನಾಚಿಕೆಯಾಯಿತು.

"ಅವ್ರು ನಕ್ಕಿದ್ದು ಒಂದ ದಿನ," ಎಂದಳು ಅವ್ವ. "ನಾಕನೇ ದಿನಕ್ಕ ಅವು ಹಣ್ಣಾದವು. ಆ ವಾಸನಿಗೆ ನಮ್ಮ ಹಿತ್ತಲಾನ ಬಂದು ಬಾಜೂಕ ಕುಂತಂಗಾತು. ಅಳೋದು ಬಿಟ್ಟು ಅವತ್ತ ನಾ ಉಂಡೆ. ನೀ ಹಣ್ಣ ಹಾಕಿದ್ರ ದಾರ್ಯಾಗ ಮುಗದು ಹೋಗತಿದ್ವು. ಈ ಪೆಟ್ಟಿಗಿ ತುಂಬಾನೂ ಕಾಯಿ ಅದಾವಲ್ಲೊ, ಉಡಿ ತುಂಬೇತಿ. ಬಾಗ್ಲಾ ಮುಚ್ಚು."

ಮಾಮಾ ತಾನೇ ಬಾಗಿಲು ತಳ್ಳಿ ಅಗಳಿ ಹಾಕಿದ.

ಹನ್ನೆರಡು ದಿನಕ್ಕೆ ಕಾಯಿ ಹಸಿರಾಗಿಯೇ ದುಬೈ ತಲುಪಿತು. ಮತ್ತೆ ನಾಲ್ಕೈದು ದಿನಕ್ಕೆ, ಅಲ್ಲಿಯ ಅಂಗಡಿಯಲ್ಲಿ ತೂಗುಹಾಕಿದ ಹಳದಿ ಬಾಳೆಯ ಫೋಟೋ ಬಂತು. ನಾನು ಶಾಲೆ ಬಿಟ್ಟವಳೇ ಕೊರ್ಲಹಳ್ಳಿಯ ಬಸ್ಸು ಹತ್ತಿ ಹೋಗಿ ತೋರಿಸಿದೆ. ಮಾಮಾ ಅದನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಈಗ ಊರೆಲ್ಲ ಡಂಗುರ ಸಾರುತ್ತಾನೆ ಎಂದುಕೊಂಡೆ. ಸಾರಲಿಲ್ಲ. ಹೊರಗೆ ಕಾಯುತ್ತಿದ್ದ ರೈತರಿಗೂ ಆಮೇಲೆ ಹೇಳುತ್ತೇನೆಂದು ಕೈಸನ್ನೆ ಮಾಡಿ, ಮೊದಲು ಬೆಟಗೇರಿಗೆ ಫೋನು ಹಚ್ಚಿಕೊಡು ಎಂದ.

"ತಂಗೀ," ಎಂದ, ಅವ್ವ ಎತ್ತಿಕೊಂಡ ಕೂಡಲೆ. "ಹಣ್ಣಾಗ್ಯಾವಂತ."

ಅತ್ತ ಅವ್ವ ಬಿಕ್ಕಿದ್ದು ನನಗೂ ಕೇಳಿಸಿತು. ಫೋನು ಹಾಗೇ ಕಿವಿಗೆ ಹಿಡಿದುಕೊಂಡು ಅಣ್ಣ ತಂಗಿ ಇಬ್ಬರೂ ಸುಮ್ಮನೆ ಅಳುತ್ತಿದ್ದರು.